ಗೇರ್‌ಬಾಕ್ಸ್ ಬಿಚ್ಚೋ ಮೊದಲು ಎಣ್ಣೆ ನೋಡಿ

ಸಂಪಾದಕರಿಗೆ ನಮಸ್ಕಾರ.

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ನನ್ನದೊಂದು ಚಿಕ್ಕ ಗ್ಯಾರೇಜ್ ಇದೆ. ನಿಮ್ಮ ಓದುಗರ ಪತ್ರಗಳಲ್ಲಿ ಗುಂಡಿ, ಧೂಳು, ಚೆನ್ನಮ್ಮ ಸರ್ಕಲ್ಲಿನ ಟ್ರಾಫಿಕ್ ಬಗ್ಗೆ ಜನ ಬರೆಯುತ್ತಲೇ ಇರುತ್ತಾರೆ, ಬರೆಯಲೇಬೇಕು. ಆದರೆ ಅದೇ ರಸ್ತೆಯಲ್ಲಿ ಓಡುವ ಗಾಡಿಗೆ ಏನಾಗುತ್ತಿದೆ, ಅದಕ್ಕೆ ಜನ ಎಷ್ಟು ದುಡ್ಡು ಸುರಿಯುತ್ತಿದ್ದಾರೆ ಅನ್ನೋದನ್ನ ಯಾರೂ ಬರೆಯುತ್ತಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ. ಸಾಧ್ಯವಾದರೆ ಕತ್ತರಿಸದೆ ಹಾಕಿ, ಯಾಕಂದ್ರೆ ಅರ್ಧ ಮಾತು ಓದಿ ಯಾರಾದರೂ ಗಾಡಿ ಮೇಲೆ ಪ್ರಯೋಗ ಮಾಡಿದರೆ ತೊಂದರೆ.

ವಿಷಯ ಇಷ್ಟು. ಆಟೋಮ್ಯಾಟಿಕ್ ಗೇರಿನ ಕಾರು ಒಂದು ಸ್ಪೀಡಿಗೆ ಬಂದಾಗ ಗಡಗಡ ನಡುಗುತ್ತದೆ. ಮಾಲೀಕರು ಗಾಬರಿಯಾಗಿ ವರ್ಕ್‌ಶಾಪಿಗೆ ಒಯ್ಯುತ್ತಾರೆ. ಅಲ್ಲಿ ಸರಿಯಾಗಿ ಪರೀಕ್ಷೆನೇ ಮಾಡದೆ "ಗೇರ್‌ಬಾಕ್ಸ್ ಹೋಗೇದ, ಬದಲಿ ಮಾಡಬೇಕು" ಅಂತ ಲಕ್ಷ, ಒಂದೂವರೆ ಲಕ್ಷದ ಎಸ್ಟಿಮೇಟ್ ಕೊಡುತ್ತಾರೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವರಿಗೆ ಅದು ಮೂಗಿಗಿಂತ ಮೂಗುತಿ ಭಾರ. ಕೆಲವರು ಸಾಲ ಮಾಡಿ ಮಾಡಿಸುತ್ತಾರೆ, ಕೆಲವರು ಸಿಕ್ಕಷ್ಟಕ್ಕೆ ಗಾಡಿ ಮಾರಿಬಿಡುತ್ತಾರೆ. ಆ ನಡುಕ ಎಷ್ಟೋ ಸಲ ಗೇರ್‌ಬಾಕ್ಸಿನ ಎಣ್ಣೆ ಹಳತಾಗಿದ್ದಕ್ಕೆ ಬಂದಿರುತ್ತದೆ. ಇನ್ನು ಕೆಲವು ಸಲ ಗೇರ್‌ಬಾಕ್ಸಿಗೆ ಅದಕ್ಕೆ ಸಂಬಂಧನೇ ಇರೋದಿಲ್ಲ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮೊದಲು ಈ ನಡುಕ ಹೇಗಿರುತ್ತದೆ ಅಂತ ಹೇಳುತ್ತೇನೆ. ಗಾಡಿ ಸ್ಟಾರ್ಟ್ ಮಾಡಿದಾಗ ಏನೂ ಇಲ್ಲ. ಊರೊಳಗೆ ಓಡಿಸಿದಾಗಲೂ ಏನೂ ಇಲ್ಲ. ನವನಗರ ದಾಟಿ ಧಾರವಾಡದ ಕಡೆ ರಸ್ತೆ ಬಿಚ್ಚಿಕೊಂಡಿತು, ಎಂಜಿನ್ ಬಿಸಿಯಾಗಿದೆ, 60-70ರ ಸ್ಪೀಡಿನಲ್ಲಿ ಕಾಲು ಹಗುರಾಗಿ ಇಟ್ಟುಕೊಂಡು ಒಂದೇ ಸಮನೆ ಹೋಗುತ್ತಿದ್ದೀರಿ, ಚಿಕ್ಕದೊಂದು ಏರು ಬಂತು, ಆಗ ಒಂದೆರಡು ಸೆಕೆಂಡ್ ಸೀಟಿನ ಕೆಳಗೆ ಗಡಗಡ ಅನ್ನುತ್ತದೆ. ಒಳಗಿನ ಕನ್ನಡಿ ಅದುರುತ್ತದೆ. ಕಾಲು ಎತ್ತಿದರೆ ನಿಂತಿತು, ಜೋರಾಗಿ ಒತ್ತಿದರೂ ನಿಂತಿತು. ಮತ್ತೆ ಹಗುರಾಗಿ ಇಟ್ಟರೆ ಮತ್ತೆ ಶುರು. ನಮ್ಮ ಕಡೆ ಜನ ಇದನ್ನ ಬಹಳ ದಿನ ಗುರುತಿಸೋದೇ ಇಲ್ಲ, ರಸ್ತೆನೇ ಹೀಗಿರಬೇಕು ಅಂದುಕೊಂಡು ಸುಮ್ನೆ ಇದ್ದುಬಿಡುತ್ತಾರೆ. ನಮ್ಮ ರಸ್ತೆಗಳು ಹಂಗೇ ಇವೆ, ಅವರ ತಪ್ಪಿಲ್ಲ. ಮುಂದೆ ಒಂದು ದಿನ ಹೊಸ ಡಾಂಬರು ಹಾಕಿದ ಕಡೆಯೂ ನಡುಗಿದಾಗ ಗೊತ್ತಾಗುತ್ತದೆ.

ಇದು ಯಾಕಾಗುತ್ತದೆ ಅಂತ ತಿಳಿದರೆ ಯಾರೂ ನಿಮ್ಮನ್ನ ಹೆದರಿಸೋಕೆ ಆಗೋದಿಲ್ಲ. ಮಾಮೂಲಿ ಆಟೋಮ್ಯಾಟಿಕ್ಕಿನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಪೆಡಲ್ಲಿನ ಬದಲು ಟಾರ್ಕ್ ಕನ್ವರ್ಟರ್ ಅನ್ನೋ ದುಂಡನೆಯ ಡಬ್ಬಿ ಇರುತ್ತದೆ. ಅದರೊಳಗೆ ಎದುರು ಬದುರು ಎರಡು ರೆಕ್ಕೆಯ ಚಕ್ರ, ಮಧ್ಯೆ ಇನ್ನೊಂದು ಚಿಕ್ಕದು, ತುಂಬಾ ಎಣ್ಣೆ. ಎಂಜಿನ್ ಕಡೆಯ ಚಕ್ರ ಎಣ್ಣೆಯನ್ನ ತಳ್ಳುತ್ತದೆ, ಆ ಎಣ್ಣೆ ಗೇರ್‌ಬಾಕ್ಸ್ ಕಡೆಯ ಚಕ್ರವನ್ನ ತಿರುಗಿಸುತ್ತದೆ. ಸಿಗ್ನಲ್ಲಿನಲ್ಲಿ ಡಿ ಗೇರಿನಲ್ಲೇ ಬ್ರೇಕ್ ಒತ್ತಿ ನಿಂತರೂ ಎಂಜಿನ್ ಬಂದ್ ಬೀಳದೆ ಇರೋದು ಇದರಿಂದಲೇ. ಆದರೆ ಎಣ್ಣೆ ಮೂಲಕ ಹೋಗುವಾಗ ಸ್ವಲ್ಪ ಜಾರಿಕೆ ಇದ್ದೇ ಇರುತ್ತದೆ, ಅಷ್ಟು ಪೆಟ್ರೋಲ್ ಸುಮ್ನೆ ಶಾಖವಾಗಿ ಹೋಗುತ್ತದೆ. ಅದನ್ನ ತಪ್ಪಿಸೋಕೆ ಕನ್ವರ್ಟರ್ ಒಳಗೇ ಒಂದು ಲಾಕಪ್ ಕ್ಲಚ್ ಇಟ್ಟಿದ್ದಾರೆ. ಗಾಡಿ ಒಂದೇ ಸಮನೆ ಓಡಲು ಶುರು ಮಾಡಿದ ಮೇಲೆ ಗಾಡಿಯೊಳಗಿನ ಕಂಪ್ಯೂಟರ್ ಈ ಕ್ಲಚ್ ಹಿಡಿಸುತ್ತದೆ, ಎಂಜಿನ್ನೂ ಗೇರ್‌ಬಾಕ್ಸೂ ನೇರ ಜೋಡಿಯಾಗುತ್ತವೆ.

ಈ ಕ್ಲಚ್ ಎಣ್ಣೆಯೊಳಗೇ ಕೆಲಸ ಮಾಡಬೇಕು. ಹಿಡಿಯುವಾಗ ಝಟಕಾ ಹೊಡೆಯದೆ ನಯವಾಗಿ ಹಿಡಿಯಲಿ ಅಂತ ಎಣ್ಣೆಯಲ್ಲಿ ಬೇರೆ ಬೇರೆ ರಾಸಾಯನಿಕ ಬೆರೆಸಿರುತ್ತಾರೆ. ಶಾಖಕ್ಕೆ, ವಯಸ್ಸಿಗೆ ಆ ಗುಣ ಸತ್ತುಹೋಗುತ್ತದೆ. ಆಗ ಕ್ಲಚ್ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ, ಸೆಕೆಂಡಿಗೆ ಎಷ್ಟೋ ಸಲ. ಕಪ್ಪುಹಲಗೆ ಮೇಲೆ ಚಾಕ್‌ಪೀಸ್ ಒಮ್ಮೊಮ್ಮೆ ಜಾರದೆ ಕಿರ್ರ್ ಅಂತ ತಡೆತಡೆದು ಹೋಗುತ್ತದಲ್ಲ, ಅದೇ ಕಥೆ ಇಲ್ಲೂ. ಗಾಡಿಯೊಳಗೆ ಕೂತವರಿಗೆ ಅದು ನಡುಕವಾಗಿ ಬರುತ್ತದೆ. ಎಣ್ಣೆಗೆ ಸ್ವಲ್ಪ ನೀರು ಸೇರಿದರೂ ಹೀಗೇ ಆಗುತ್ತದೆ. ತಪ್ಪು ಎಣ್ಣೆ ಹಾಕಿದ್ದರೂ ಆಗುತ್ತದೆ.

ಗದಗಿನಿಂದ ಒಬ್ಬ ಮಾಸ್ತರು ಬಂದಿದ್ದರು. ಸೆಕೆಂಡ್ ಹ್ಯಾಂಡ್ ಏಳು ಸೀಟಿನ ಗಾಡಿ, ಆರು ಗೇರಿನ ಆಟೋಮ್ಯಾಟಿಕ್. ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇದ್ದಾರೆ ಅಂತ ತಗೊಂಡಿದ್ದರು. ಬೇರೆ ಒಂದು ವರ್ಕ್‌ಶಾಪಿನಲ್ಲಿ ಗೇರ್‌ಬಾಕ್ಸ್ ಪೂರ್ತಿ ಬದಲಿಸಬೇಕು ಅಂತ ಹೇಳಿ ಲಕ್ಷ ದಾಟಿದ ಚೀಟಿ ಕೊಟ್ಟಿದ್ದರು. ಆ ಚೀಟಿಯಲ್ಲಿ ಯಾವ ಪರೀಕ್ಷೆ ಮಾಡಿದೆವು ಅಂತ ಒಂದು ಸಾಲೂ ಇರಲಿಲ್ಲ. ನಾನು ಅವರನ್ನೇ ಡ್ರೈವಿಂಗಿಗೆ ಕೂರಿಸಿಕೊಂಡು ಗದಗ ರಸ್ತೆಗೆ ಹೊರಟೆ. ಅಣ್ಣಿಗೇರಿ ಕಡೆ ರಸ್ತೆ ಖಾಲಿ ಇದ್ದ ಕಡೆ ನಡುಕ ಬಂತು.

"ಮಾಸ್ತರ್ರ, ಎಕ್ಸಲರೇಟರ್ ಮ್ಯಾಲಿನ ಕಾಲು ಹಂಗ ಇರ್ಲ್ರಿ. ಎಡಗಾಲಿಲೆ ಬ್ರೇಕ್ ಸುಮ್ನ ಮುಟ್ಟ್ರಿ, ಒತ್ತಬ್ಯಾಡ್ರಿ."

ಮುಟ್ಟಿದರು. ನಾನು ಎಂಜಿನ್ನಿನ ಸುತ್ತು ತೋರಿಸುವ ಆರ್‌ಪಿಎಂ ಮುಳ್ಳು ನೋಡುತ್ತಿದ್ದೆ. ಮುಳ್ಳು ಒಂದು ಚೂರು ಮೇಲೆ ಹೋಯಿತು, ನಡುಕ ಅಲ್ಲೇ ನಿಂತಿತು. ಬ್ರೇಕ್ ಬಿಟ್ಟರು, ಸ್ವಲ್ಪ ಹೊತ್ತಿಗೆ ಮುಳ್ಳು ಕೆಳಗಿಳಿಯಿತು, ಮತ್ತೆ ಗಡಗಡ.

"ಏನ್ರಿ ಇದು ಮಿಸ್ತ್ರಿ, ಸ್ವಿಚ್ ಹಾಕಿ ತಗದಂಗ ಆಗಾಕತ್ತೇತಲ್ರಿ?"

ಹೌದು, ಅಕ್ಷರಶಃ ಹಾಗೇ. ಬ್ರೇಕ್ ಪೆಡಲ್ ಮುಟ್ಟಿ ಹಿಂದಿನ ಕೆಂಪು ದೀಪ ಹತ್ತಿದ ಕ್ಷಣ ಕಂಪ್ಯೂಟರ್ ಲಾಕಪ್ ಕ್ಲಚ್ ಬಿಟ್ಟುಬಿಡುತ್ತದೆ. ಕ್ಲಚ್ ಬಿಟ್ಟಾಗ ಎಣ್ಣೆಯ ಜಾರಿಕೆ ವಾಪಸ್ ಬರುತ್ತದೆ, ಅದಕ್ಕೆ ಎಂಜಿನ್ ನೂರು ಇನ್ನೂರು ಸುತ್ತು ಜಾಸ್ತಿ ತಿರುಗುತ್ತದೆ. ಆಗ ನಡುಕ ನಿಂತರೆ ಅನುಮಾನ ಮೊದಲು ಲಾಕಪ್ ಕ್ಲಚ್ ಮೇಲೆ, ಅದು ಮುಳುಗಿರುವ ಎಣ್ಣೆ ಮೇಲೆ. ಒಳಗಿನ ಗೇರುಗಳ ಮೇಲೆ ಅಲ್ಲ.

ಈ ಪರೀಕ್ಷೆಯನ್ನ ಹಿಂದೆ ಮುಂದೆ ಯಾವ ಗಾಡಿಯೂ ಇಲ್ಲದ ಕಡೆ ಮಾತ್ರ ಮಾಡಿ, ಮುಳ್ಳು ನೋಡೋಕೆ ಪಕ್ಕದಲ್ಲಿ ಇನ್ನೊಬ್ಬರು ಇರಲಿ. ಎಡಗಾಲಿನಲ್ಲಿ ಬ್ರೇಕ್ ಮುಟ್ಟಿ ರೂಢಿ ಇಲ್ಲದವರು ಮಾಡಲೇಬೇಡಿ, ಕ್ಲಚ್ ತುಳಿದು ತುಳಿದು ಪಳಗಿದ ಕಾಲು ಬ್ರೇಕನ್ನ ಒಮ್ಮೆಲೇ ಅದುಮಿಬಿಡುತ್ತದೆ. ಬೈಪಾಸಿನಲ್ಲಿ ಲಾರಿಗಳ ನಡುವೆ ಖಂಡಿತ ಬೇಡ. ಈಗಿನ ಕೆಲವು ಗಾಡಿಗಳಲ್ಲಿ ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನೇ ಕಡಿಮೆ ಮಾಡುತ್ತದೆ, ಅಂಥದ್ದರಲ್ಲಿ ಗಾಡಿಯ ಕಂಪ್ಯೂಟರ್ ಏನು ಹೇಳುತ್ತದೆ ಅಂತ ಓದುವ ಸ್ಕ್ಯಾನರ್ ಹಾಕಿಯೇ ನೋಡಬೇಕು. ಸ್ಕ್ಯಾನರಿನಲ್ಲಿ ಲಾಕಪ್ ಸ್ಲಿಪ್ ಅಂತ ಒಂದು ಲೆಕ್ಕ ಬರುತ್ತದೆ, ಎಂಜಿನ್ ಎಷ್ಟು ತಿರುಗುತ್ತಿದೆ ಮತ್ತು ಗೇರ್‌ಬಾಕ್ಸಿನ ಒಳಗೆ ಹೋಗುವ ಶಾಫ್ಟ್ ಎಷ್ಟು ತಿರುಗುತ್ತಿದೆ ಅನ್ನೋದರ ವ್ಯತ್ಯಾಸ. ಲಾಕ್ ಆದ ಮೇಲೆ ಅದು ಸೊನ್ನೆಗೆ ಹತ್ತಿರ ನಿಲ್ಲಬೇಕು, ಇಲ್ಲವೆ ಒಂದೇ ಚಿಕ್ಕ ಸಂಖ್ಯೆಯಲ್ಲಿ ನಿಲ್ಲಬೇಕು. ನಡುಗುವ ಗಾಡಿಯಲ್ಲಿ ಅದು ಕುಣಿಯುತ್ತಿರುತ್ತದೆ. ಇನ್ನೊಂದು, ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಹತ್ತಿಲ್ಲ ಅಂದ ಮಾತ್ರಕ್ಕೆ ಏನೂ ಆಗಿಲ್ಲ ಅಂತಲ್ಲ. ಲಾಕಪ್ ಕ್ಲಚ್ಚಿಗೆ ಪಿ0741 ಅಂತ ಒಂದು ಕೋಡ್ ಇದೆ, ಆದರೆ ಜಾರಿಕೆ ತುಂಬಾ ಜಾಸ್ತಿಯಾಗಿ ಕ್ಲಚ್ ಹಿಡಿಯುತ್ತಲೇ ಇಲ್ಲ ಅಂತ ಕಂಪ್ಯೂಟರಿಗೆ ಅನಿಸಿದಾಗ ಅದು ಬರುತ್ತದೆ. ಬರೀ ನಡುಕ ಇರುವ ಗಾಡಿಯಲ್ಲಿ ಎಷ್ಟೋ ಸಲ ಒಂದು ಕೋಡೂ ಇರೋದಿಲ್ಲ.

ಈಗ ಗೇರ್‌ಬಾಕ್ಸ್ ಅಲ್ಲದ ನಡುಕದ ಮಾತು. ಇದರಲ್ಲೇ ಹೆಚ್ಚು ಜನ ಕೈ ಸುಟ್ಟುಕೊಳ್ಳೋದು.

ಎಂಜಿನ್ ಮಿಸ್ ಹೊಡೆಯೋದು, ಅಂದರೆ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಇರೋದು, ಎಲ್ಲಕ್ಕಿಂತ ಮೋಸದ್ದು. ಲಾಕಪ್ ಆದ ಮೇಲೆ ಎಂಜಿನ್ನಿನ ಪ್ರತಿ ಝಟಕಾ ನೇರವಾಗಿ ಬಾಡಿಗೆ ಬರುತ್ತದೆ, ಅದಕ್ಕೇ ಸಣ್ಣ ಮಿಸ್ಸಿಂಗ್ ಕೂಡ ಗೇರ್‌ಬಾಕ್ಸಿನ ನಡುಕದ ಹಾಗೇ ಅನಿಸುತ್ತದೆ. ಬ್ರೇಕ್ ಮುಟ್ಟಿದಾಗ ಇದೂ ಸ್ವಲ್ಪ ಕಡಿಮೆ ಆದಂತೆ ಕಾಣಬಹುದು, ಪೂರ್ತಿ ನಿಲ್ಲೋದಿಲ್ಲ. ಲೋಡ್ ಜಾಸ್ತಿ ಆದಷ್ಟೂ ಜೋರಾಗುತ್ತದೆ, ಏರಿನಲ್ಲಿ ಕಾಲು ಒತ್ತಿದರೆ ಗೊತ್ತಾಗುತ್ತದೆ. ಹಾವೇರಿಯಿಂದ ಬಂದ ಬ್ಯಾಂಕ್ ಉದ್ಯೋಗಿ ಒಬ್ಬರ ಗಾಡಿಗೆ ಕನ್ವರ್ಟರ್ ಬದಲಿಸಿ ಅಂತ ಯಾರೋ ಹೇಳಿ ಕಳಿಸಿದ್ದರು. ಸ್ಕ್ಯಾನರ್ ಹಚ್ಚಿದರೆ ಪಿ0302, ಅಂದರೆ ಎರಡನೇ ಸಿಲಿಂಡರ್ ಮಿಸ್. ಎರಡನೇದರ ಇಗ್ನಿಷನ್ ಕಾಯಿಲ್, ಅಂದರೆ ಪ್ಲಗ್ಗಿಗೆ ಕಿಡಿ ಹಾರಿಸುವ ಕರೆಂಟ್ ಕೊಡುವ ಸಾಮಾನು, ತೆಗೆದು ಮೂರನೇದಕ್ಕೆ, ಮೂರನೇದರದ್ದು ಎರಡನೇದಕ್ಕೆ ಹಾಕಿದೆ. ಕೋಡ್ ಅಳಿಸಿ ಓಡಿಸಿದರೆ ಈಗ ಪಿ0303. ತೊಂದರೆ ಕಾಯಿಲ್ ಜೊತೆಗೇ ನಡೆದು ಹೋಗಿತ್ತು. ಒಂದು ಕಾಯಿಲ್, ನಾಲ್ಕು ಪ್ಲಗ್, ಅಷ್ಟೇ ಕೆಲಸ. ಈ ಅದಲು ಬದಲು ಪರೀಕ್ಷೆಗೆ ಸ್ಕ್ಯಾನರ್ ಜೊತೆ ಒಂದು ಸ್ಪ್ಯಾನರ್ ಸಾಕು, ಬೇರೆ ಯಾವ ದೊಡ್ಡ ಮಷೀನೂ ಬೇಡ.

ಚಕ್ರದ ಬ್ಯಾಲೆನ್ಸ್ ತಪ್ಪಿದ್ದರೆ ನಡುಕ ಸ್ಪೀಡಿಗೆ ಅಂಟಿಕೊಂಡಿರುತ್ತದೆ, ಕಾಲು ಎತ್ತಿದರೂ ಹೋಗೋದಿಲ್ಲ, ಹೆಚ್ಚಾಗಿ ಸ್ಟಿಯರಿಂಗ್ ಕೈಯಲ್ಲಿ ಅದುರುತ್ತದೆ. ಬ್ರೇಕ್ ಹಾಕಿದಾಗ ಮಾತ್ರ ಅದುರಿದರೆ ಡಿಸ್ಕ್ ನೋಡಿ. ಎಂಜಿನ್ ಚಾಲೂ ಇದ್ದು ಗಾಡಿ ನಿಂತಾಗ ಡಿ ಗೇರಿನಲ್ಲಿ ಅದುರಿ ನ್ಯೂಟ್ರಲಿಗೆ ಹಾಕಿದರೆ ಕಡಿಮೆಯಾದರೆ ಎಂಜಿನ್ ಮೌಂಟಿಂಗ್ ಒಡೆದಿರಬಹುದು. ಜೋರಾಗಿ ಎಳೆಸುವಾಗ ಗಾಡಿ ಎಡ ಬಲ ಕುಲುಕಿದಂತಾದರೆ ಆಕ್ಸಲ್ಲಿನ ಒಳಗಿನ ಜಾಯಿಂಟ್ ಸವೆದಿರುತ್ತದೆ.

ಅಂದಹಾಗೆ, ನಿಮ್ಮ ಗಾಡಿ ಯಾವ ತರದ ಆಟೋಮ್ಯಾಟಿಕ್ ಅಂತ ಮೊದಲು ತಿಳಿದುಕೊಳ್ಳಿ. ನಮ್ಮಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಬಂದ ಮೇಲೆ ಕ್ಲಚ್ ಪೆಡಲ್ ಇಲ್ಲದ ಗಾಡಿ ಸಾಮಾನ್ಯ ಜನರ ಕೈಗೂ ಸಿಕ್ಕಿತು. ಆದರೆ ಎಎಂಟಿಯಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ. ಅದು ಕೈಯಿಂದ ಹಾಕುವ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತೋದು ಗೇರ್ ಹಾಕೋದು ಮಾತ್ರ ಮಷೀನು ಮಾಡುತ್ತದೆ. ಅದು ನಡುಗೋದು ಗಾಡಿ ಎತ್ತುವಾಗ, ಕಾರಣ ಕ್ಲಚ್ ಪ್ಲೇಟು. ಧಾರವಾಡದ ಏರುಗಳಲ್ಲಿ, ಉದಾಹರಣೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕಡೆ ಏರುವಾಗ, ಬ್ರೇಕ್ ಹಾಕದೆ ಎಕ್ಸಲರೇಟರ್ ಒತ್ತಿಯೇ ಗಾಡಿಯನ್ನ ಅಲ್ಲಲ್ಲೇ ನಿಲ್ಲಿಸಿಕೊಳ್ಳುವ ಚಟ ಇರುವವರ ಪ್ಲೇಟು ಬೇಗ ಸುಡುತ್ತದೆ. ಹೊಸ ಪ್ಲೇಟ್ ಹಾಕಿದ ಮೇಲೆ ಸ್ಕ್ಯಾನರಿನಿಂದ ಕ್ಲಚ್ ಕಲಿಕೆ ಮಾಡಿಸಲೇಬೇಕು, ಅದು ಎಲ್ಲಿ ಹಿಡಿಯುತ್ತದೆ ಅಂತ ಕಂಪ್ಯೂಟರಿಗೆ ಗೊತ್ತಾಗದಿದ್ದರೆ ಹೊಸ ಪ್ಲೇಟೂ ನಡುಗುತ್ತದೆ. ಡ್ರೈ ಕ್ಲಚ್ ಇರುವ ಡಿಸಿಟಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗಾಡಿಗಳಲ್ಲೂ ಟ್ರಾಫಿಕ್ಕಿನಲ್ಲಿ ತೆವಳುವಾಗ ಹೀಗಾಗುತ್ತದೆ, ಅದರ ಕ್ಲಚ್ಚಿಗೆ ಗೇರ್ ಎಣ್ಣೆ ಮುಟ್ಟೋದೇ ಇಲ್ಲ, ಹಾಗಾಗಿ ಎಣ್ಣೆ ಬದಲಿಸಿ ಆ ನಡುಕ ಹೋಗೋದಿಲ್ಲ. ಸಿವಿಟಿ, ಅಂದರೆ ಗೇರುಗಳ ಬದಲು ಬೆಲ್ಟಿನ ಮೇಲೆ ಓಡುವ ಬಾಕ್ಸ್ ಇದ್ದವರಿಗೆ ಒಂದೇ ಮಾತು, ಸಿವಿಟಿ ಎಣ್ಣೆನೇ ಹಾಕಿಸಿ. ಮಾಮೂಲಿ ಆಟೋಮ್ಯಾಟಿಕ್ ಎಣ್ಣೆ ಹಾಕಿದರೆ ಬೆಲ್ಟು ಜಾರಿ ಬಾಕ್ಸೇ ಹೋಗುತ್ತದೆ.

ಮಾಸ್ತರ ಗಾಡಿಗೆ ವಾಪಸ್ ಬರುತ್ತೇನೆ. ಡ್ರೇನ್ ನಟ್ಟು ಬಿಚ್ಚಿದಾಗ ಬಂದ ಎಣ್ಣೆ ನೋಡಿ ಅವರೇ ಮುಖ ಹಿಂಡಿದರು. ಆ ಗಾಡಿಯ ಎಣ್ಣೆ ಹೊಸದಿದ್ದಾಗ ಕೆಂಪಗಿರುತ್ತದೆ. ಇದು ಕಂದು ಬಣ್ಣ ದಾಟಿ ಕಪ್ಪಿಗೆ ತಿರುಗಿತ್ತು, ಸುಟ್ಟ ವಾಸನೆ. ಒಂದು ಹನಿಯನ್ನ ಬಿಳಿ ಹಾಳೆ ಮೇಲೆ ಬಿಟ್ಟು ಬಿಸಿಲಿಗೆ ಹಿಡಿದು ಓರೆ ಮಾಡಿ ನೋಡಿದೆವು. ಮಿಂಚುವ ಚೂರು ಇರಲಿಲ್ಲ. ಆಮೇಲೆ ಗೇರ್‌ಬಾಕ್ಸಿನ ಕೆಳಗೆ ಎಣ್ಣೆ ನಿಲ್ಲುವ ಪ್ಯಾನ್ ಇಳಿಸಿದೆ. ಪ್ಯಾನಿನ ಒಳಗೆ ಚಿಕ್ಕ ಅಯಸ್ಕಾಂತ ಕೂರಿಸಿರುತ್ತಾರೆ, ಅದರ ಮೇಲೆ ಬೂದು ಬಣ್ಣದ ಮೆತ್ತನೆ ಪೇಸ್ಟು ಇತ್ತು, ಬೆರಳಲ್ಲಿ ಉಜ್ಜಿದರೆ ನುಣ್ಣಗೆ ಹರಡಿತು. ಇದು ಸವಕಳಿ, ಇರುವಂಥದ್ದೇ. ಬೆರಳಿಗೆ ಚುಚ್ಚುವ ಚೂರು, ಹಿತ್ತಾಳೆ ಬಣ್ಣದ ತುಣುಕು ಸಿಕ್ಕರೆ ಮಾತ್ರ ಒಳಗೆ ಏನೋ ಮುರಿಯುತ್ತಿದೆ ಅಂತ ಅರ್ಥ. ನಿಮ್ಮ ಗಾಡಿಯ ಪ್ಯಾನ್ ಇಳಿಸುವಾಗ ಎದುರಿಗೆ ನಿಂತು ಆ ಅಯಸ್ಕಾಂತ ತೋರಿಸಿ ಅಂತ ಕೇಳಿ. ಎಣ್ಣೆ ಗುಲಾಬಿ ಹಾಲಿನ ಬಣ್ಣಕ್ಕೆ ಬಂದಿದ್ದರೆ ರೇಡಿಯೇಟರಿನ ನೀರು ಬೆರೆತಿದೆ, ಆಗ ಗಾಡಿ ಓಡಿಸಲೇಬೇಡಿ. ಕೂಲಂಟು ಕ್ಲಚ್ಚಿನ ಲೈನಿಂಗ್ ಹಿಡಿದಿಟ್ಟ ಅಂಟನ್ನೇ ಬಿಡಿಸಿಬಿಡುತ್ತದೆ.

ಎಣ್ಣೆ ಬದಲಿಸೋದರಲ್ಲೂ ಲೆಕ್ಕ ಇದೆ. ಇಂಥ ಬಾಕ್ಸಿಗೆ ಒಟ್ಟು ಎಂಟು ಲೀಟರ್ ಹಿಡಿಯುತ್ತದೆ ಅಂದುಕೊಳ್ಳಿ. ನಟ್ಟು ಬಿಚ್ಚಿದರೆ ಇಳಿಯೋದು ನಾಲ್ಕು ಲೀಟರ್ ಒಳಗೇ, ಉಳಿದದ್ದು ಕನ್ವರ್ಟರಿನಲ್ಲಿ, ಕೂಲರಿನಲ್ಲಿ, ಪೈಪಿನಲ್ಲಿ ನಿಂತಿರುತ್ತದೆ. ಒಂದು ಸಲ ಬದಲಿಸಿದರೆ ಅರ್ಧ ಹಳೆ ಎಣ್ಣೆ ಉಳಿಯಿತು. ನಾಲ್ಕಾರು ದಿನ ಓಡಿಸಿ ಇನ್ನೊಮ್ಮೆ ಬದಲಿಸಿದರೆ ಕಾಲು ಭಾಗ, ಮೂರನೇ ಸಲಕ್ಕೆ ಎಂಟರಲ್ಲಿ ಒಂದು ಭಾಗ. ಅದಕ್ಕೇ "ಎಣ್ಣೆ ಬದಲಿಸಿದ್ವಿ, ನಡುಕ ಹೋಗ್ಲಿಲ್ಲ, ಈಗ ಬಾಕ್ಸ್ ತಗೀಲೇಬೇಕು" ಅಂತ ಒಂದೇ ಸಲಕ್ಕೆ ಹೇಳಿದರೆ ಒಪ್ಪಬೇಡಿ. ಮಾಸ್ತರ ಗಾಡಿಯಲ್ಲೂ ಮೊದಲ ಸಲಕ್ಕೆ ನಡುಕ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಮತ್ತೆ ಬದಲಿಸಿ, ಹಳೆ ಎಣ್ಣೆಗೆ ತಕ್ಕಂತೆ ಕಂಪ್ಯೂಟರ್ ಕಲಿತಿಟ್ಟುಕೊಂಡಿದ್ದ ಲೆಕ್ಕವನ್ನ ಸ್ಕ್ಯಾನರಿನಲ್ಲಿ ಅಳಿಸಿದ ಮೇಲೆ ನಿಂತಿತು. ಎಣ್ಣೆ ಲೀಟರಿಗೆ ಸಾವಿರ ರೂಪಾಯಿ ಆಚೀಚೆ ಬೀಳುತ್ತದೆ, ಫಿಲ್ಟರು, ಗ್ಯಾಸ್ಕೆಟ್ಟು, ಕೂಲಿ ಸೇರಿಸಿದರೂ ಅವರಿಗೆ ಕೊಟ್ಟಿದ್ದ ಎಸ್ಟಿಮೇಟಿನ ಒಂದು ಮೂಲೆಗೂ ಬರೋದಿಲ್ಲ.

ಯಾವ ಎಣ್ಣೆ ಅನ್ನೋದು ಗಾಡಿಯ ಮ್ಯಾನ್ಯುಯಲ್ಲಿನಲ್ಲಿ ಬರೆದಿರುತ್ತದೆ. ಟೊಯೋಟಾದ ಆರು ಗೇರಿನ ಬಾಕ್ಸಿಗೆ ಡಬ್ಲ್ಯುಎಸ್, ಹುಂಡೈ ಆರು ಗೇರಿನದಕ್ಕೆ ಎಸ್‌ಪಿ-4, ಹೀಗೆ ಬೇರೆ ಬೇರೆ. "ಎಲ್ಲಾ ಗಾಡಿಗೂ ನಡೀತದ್ರಿ" ಅಂತ ಡ್ರಮ್ಮಿನಿಂದ ಬಗ್ಗಿಸಿ ಕೊಡುವ ಎಣ್ಣೆ ಹಾಕಿಸಬೇಡಿ. ಸೀಲ್ ಒಡೆಯದ ಡಬ್ಬಿ ನಿಮ್ಮ ಎದುರಿಗೇ ಒಡೆಯಲಿ. ಲೆವೆಲ್ಲು ನೋಡೋದರಲ್ಲೂ ತುಂಬಾ ಜನ ತಪ್ಪುತ್ತಾರೆ. ಈಗಿನ ಎಷ್ಟೋ ಬಾಕ್ಸುಗಳಿಗೆ ಡಿಪ್‌ಸ್ಟಿಕ್ಕೇ ಇಲ್ಲ, ಎಂಜಿನ್ ಚಾಲೂ ಇಟ್ಟು ಎಣ್ಣೆ ಕಂಪನಿ ಹೇಳಿದ ಶಾಖಕ್ಕೆ ಬಂದಾಗ, ಹೆಚ್ಚಾಗಿ ಅದು 40 ಡಿಗ್ರಿ ಆಸುಪಾಸು, ಲೆವೆಲ್ ನಟ್ಟು ಬಿಚ್ಚಿ ಸಣ್ಣಗೆ ತೊಟ್ಟಿಕ್ಕುವವರೆಗೆ ಬಿಡಬೇಕು. ನಮ್ಮ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ಗಾಳಿಯೇ ಆ ಶಾಖದ ಹತ್ತಿರ ಇರುತ್ತದೆ. ಎಂಜಿನ್ ಚಾಲೂ ಮಾಡಿ ನಟ್ಟಿಗೆ ಕೈ ಹಾಕುವಷ್ಟರಲ್ಲಿ ಎಣ್ಣೆ ದಾಟಿಹೋಗಿರುತ್ತದೆ, ಬಿಸಿಗೆ ಹಿಗ್ಗಿದ ಎಣ್ಣೆ ಹೊರಗೆ ಹರಿದು ಲೆವೆಲ್ಲು ಕಡಿಮೆ ಉಳಿಯುತ್ತದೆ. ಅದಕ್ಕೆ ನಾನು ಬೇಸಿಗೆಯಲ್ಲಿ ಈ ಕೆಲಸ ಬೆಳಿಗ್ಗೆ ಬೇಗ ಇಟ್ಟುಕೊಳ್ಳುತ್ತೇನೆ, ಗಾಡಿ ಹಿಂದಿನ ರಾತ್ರಿಯೇ ತಂದು ಬಿಡೋಕೆ ಹೇಳುತ್ತೇನೆ.

ಮಷೀನಿನಿಂದ ಒತ್ತಡ ಕೊಟ್ಟು ತೊಳೆಯುವ ಫ್ಲಶಿಂಗ್ ಬಗ್ಗೆ ನನ್ನ ಅಭಿಪ್ರಾಯ, ವರ್ಷಗಟ್ಟಲೆ ಎಣ್ಣೆ ಬದಲಿಸದ ಬಾಕ್ಸಿಗೆ ಅದು ಬೇಡ. ಮೂಲೆಯಲ್ಲಿ ಕೂತ ಕಸ ಎದ್ದು, ಎಣ್ಣೆಯನ್ನ ಬೇಕಾದ ಕಡೆ ಹರಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಿಗೆ ಸಿಕ್ಕಿಕೊಳ್ಳುವ ಅಪಾಯ ಇರುತ್ತದೆ. ನಿಧಾನಕ್ಕೆ ಇಳಿಸಿ ತುಂಬೋದೇ ವಾಸಿ. ನಡುಕ ನಿಲ್ಲಿಸೋಕೆ ಅಂತ ಸಿಗುವ ಚಿಕ್ಕ ಟ್ಯೂಬಿನ ಔಷಧಿ ಕೆಲವೊಮ್ಮೆ ಕೆಲಸ ಮಾಡುತ್ತದೆ, ಆದರೆ ಸತ್ತ ಎಣ್ಣೆಗೆ ಅದನ್ನ ಸುರಿದು ಗಾಡಿ ಮಾರುವವರೂ ಇದ್ದಾರೆ. ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕೊಳ್ಳುವವರು ಬಡಾವಣೆಯೊಳಗೆ ಒಂದು ಸುತ್ತು ಹೊಡೆದು ಒಪ್ಪಿಕೊಳ್ಳಬೇಡಿ. ಗಾಡಿ ಚೆನ್ನಾಗಿ ಬಿಸಿಯಾಗುವವರೆಗೆ ಹೊರಗಿನ ರಸ್ತೆಯಲ್ಲಿ ಓಡಿಸಿ, ಹಗುರ ಕಾಲಿನಲ್ಲಿ 60-70ರಲ್ಲಿ ಸುಮಾರು ಹೊತ್ತು ಹೋಗಿ.

ಎಣ್ಣೆ ಬದಲಿಸಿದರೆ ಎಲ್ಲಾ ಸರಿಹೋಗುತ್ತದೆ ಅಂತಲೂ ನಾನು ಹೇಳೋದಿಲ್ಲ. ನಡುಕ ಇದ್ದೂ ವರ್ಷಗಟ್ಟಲೆ ಓಡಿಸಿದ್ದರೆ ಕ್ಲಚ್ಚಿನ ಲೈನಿಂಗೇ ಸುಟ್ಟಿರುತ್ತದೆ. ಆಗ ಕನ್ವರ್ಟರ್ ಬದಲಿಸಬೇಕು. ಅದಕ್ಕೆ ಬಾಕ್ಸ್ ಕೆಳಗಿಳಿಸಬೇಕು ನಿಜ, ಆದರೆ ಇಳಿಸೋದು ಬೇರೆ, ಇಡೀ ಬಾಕ್ಸ್ ಹೊಸದು ಹಾಕೋದು ಬೇರೆ. ಗೇರು ಸರಿಯಾಗಿ ಬೀಳುತ್ತಿದ್ದು ನಡುಕ ಲಾಕಪ್ಪಿನಲ್ಲಿ ಮಾತ್ರ ಇದ್ದರೆ ಕನ್ವರ್ಟರ್, ಎಣ್ಣೆ, ಫಿಲ್ಟರ್, ಬೇಕಿದ್ದರೆ ಲಾಕಪ್ ಸೋಲನಾಯ್ಡ್ (ಆ ಕ್ಲಚ್ಚಿಗೆ ಎಣ್ಣೆ ಬಿಡುವ ಕರೆಂಟಿನ ವಾಲ್ವ್), ಇಷ್ಟರಲ್ಲಿ ಮುಗಿಯುವ ಸಾಧ್ಯತೆ ಹೆಚ್ಚು. ಗೇರ್ ಬಿದ್ದ ಮೇಲೂ ಎಂಜಿನ್ ಸುಮ್ಮನೆ ರೇಸ್ ಆಗಿ ಗಾಡಿ ಎಳೆಯುತ್ತಿಲ್ಲ ಅಂದರೆ ಅದು ಬೇರೆ ರೋಗ, ಒಳಗೆ ಗೇರು ಹಿಡಿಸುವ ಕ್ಲಚ್ ಪ್ಯಾಕ್‌ಗಳೇ ಹೋಗಿವೆ, ಎಣ್ಣೆ ಬದಲಿಸಿ ದುಡ್ಡು ಹಾಳು ಮಾಡಬೇಡಿ.

"ಈ ಗಾಡಿಗೆ ಗೇರ್ ಎಣ್ಣೆ ಬದಲಿಸೋದೇ ಬ್ಯಾಡ್ರಿ, ಲೈಫ್‌ಟೈಮ್" ಅನ್ನೋ ಮಾತು ನಮ್ಮ ಜನರಿಗೆ ಬಹಳ ನಷ್ಟ ಮಾಡಿದೆ. ಮ್ಯಾನ್ಯುಯಲ್ಲನ್ನ ಪೂರ್ತಿ ಓದಿದರೆ ಎಷ್ಟೋ ಗಾಡಿಗಳಲ್ಲಿ ಕಠಿಣ ಬಳಕೆ ಅಂತ ಇನ್ನೊಂದು ಪಟ್ಟಿ ಇರುತ್ತದೆ, ಶಾಖ, ಧೂಳು, ನಿಂತು ನಿಂತು ಓಡೋದು, ಭಾರ ಹೊತ್ತು ಘಾಟಿ ಏರೋದು. ನಮ್ಮ ಬಳಕೆ ಅದರಲ್ಲಿ ಯಾವುದು ಅಲ್ಲ ಹೇಳಿ? ಚೆನ್ನಮ್ಮ ಸರ್ಕಲ್ಲಿನಲ್ಲಿ ತೆವಳುತ್ತೇವೆ, ಹೊಸೂರಿನಲ್ಲಿ ನಿಲ್ಲುತ್ತೇವೆ, ಬಿಸಿಲಲ್ಲಿ ಗದಗಿಗೆ ಹೋಗುತ್ತೇವೆ, ರಜೆ ಬಂದರೆ ಏಳು ಜನ, ಮೇಲೆ ಲಗೇಜು, ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿದು ಗೋಕರ್ಣಕ್ಕೆ ಹೋಗಿ ಅದೇ ಘಾಟಿ ಏರಿ ಬರುತ್ತೇವೆ. ನನ್ನನ್ನ ಕೇಳಿದರೆ 50-60 ಸಾವಿರ ಕಿಲೋಮೀಟರಿಗೆ ಒಮ್ಮೆ ಬದಲಿಸಿ. ಘಾಟಿ ಜಾಸ್ತಿ ಇದ್ದರೆ ಇನ್ನೂ ಮೊದಲು.

ಇನ್ನು ದುಡ್ಡಿನ ವಿಷಯ. ದೊಡ್ಡ ಎಸ್ಟಿಮೇಟ್ ಕೊಟ್ಟರೆ ಜಗಳ ಆಡಬೇಡಿ, ಕೇಳಿ. ಯಾವ ಸ್ಪೀಡಿನಲ್ಲಿ ನಡುಕ ನೋಡಿದಿರಿ, ಸ್ಕ್ಯಾನರಿನಲ್ಲಿ ಏನು ಬಂತು, ಎಣ್ಣೆ ಹೇಗಿತ್ತು, ಪ್ಯಾನಿನಲ್ಲಿ ಏನು ಸಿಕ್ಕಿತು. ಇದೆಲ್ಲ ವರ್ಕ್‌ಶಾಪಿನವರು ಗಾಡಿಯ ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ಬರೆಸಿ. ಬದಲಿಸಿದ ಹಳೆ ಸಾಮಾನು ವಾಪಸ್ ಪಡೆಯಿರಿ. ಬಿಲ್ ಕೊಡದೆ ಇರೋದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಅನುಚಿತ ವ್ಯಾಪಾರ. ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಅಲ್ಲಿ ಶುಲ್ಕವೇ ಇಲ್ಲ. ಆದರೆ ಜಾಬ್ ಕಾರ್ಡೂ ಬಿಲ್ಲೂ ಇಲ್ಲದೆ ಹೋದರೆ ನಿಮ್ಮ ಮಾತಿಗೆ ಬಲ ಇರೋದಿಲ್ಲ.

ವರ್ಕ್‌ಶಾಪಿನವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ, ನಾನೂ ಅವರಲ್ಲೊಬ್ಬ. ಬಹಳಷ್ಟು ಕಡೆ ಹುಡುಗರಿಗೆ ಗೊತ್ತಿಲ್ಲ, ಅಷ್ಟೇ. ಗೊತ್ತಿಲ್ಲದಿದ್ದಾಗ ಪೂರ್ತಿ ಬದಲಿಸೋದೇ ಸುಲಭ ಅನಿಸುತ್ತದೆ. ಐಟಿಐ ಮುಗಿಸಿ ನನ್ನ ಹತ್ತಿರ ಕೆಲಸಕ್ಕೆ ಬಂದ ಹುಡುಗರು ಎಂಜಿನ್ ಚೆನ್ನಾಗಿ ಬಿಚ್ಚುತ್ತಾರೆ, ಬ್ರೇಕ್ ಮಾಡುತ್ತಾರೆ, ಆದರೆ ಟಾರ್ಕ್ ಕನ್ವರ್ಟರಿನ ಒಳಗಡೆ ಕಣ್ಣಾರೆ ನೋಡಿದವರು ಸಿಕ್ಕಿಲ್ಲ. ನೋಡೋದಾದರೂ ಹೇಗೆ, ಅದು ಸುತ್ತ ವೆಲ್ಡ್ ಮಾಡಿದ ಡಬ್ಬಿ, ಲೇಥಿನಲ್ಲಿ ಕತ್ತರಿಸದೆ ತೆರೆಯೋದಿಲ್ಲ. ರಸ್ತೆಯಲ್ಲಿ ಆಟೋಮ್ಯಾಟಿಕ್ ಗಾಡಿ ಇಷ್ಟು ಜಾಸ್ತಿ ಆಗಿರುವಾಗ ಐಟಿಐಯಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಅನ್ನೋ ಕೋರ್ಸ್ ಓದುವ ಹುಡುಗರ ಕೈಗೆ ಒಂದು ಗೇರ್‌ಬಾಕ್ಸ್, ಒಂದು ಒಳ್ಳೆಯ ಸ್ಕ್ಯಾನರ್ ಸಿಗಬೇಕು. ಸರ್ಕಾರದವರು ಇದರ ಕಡೆ ನೋಡಲಿ, ನಮ್ಮ ಊರಿನ ಉದ್ಯಮಿಗಳೂ ಮನಸ್ಸು ಮಾಡಲಿ.

ನನ್ನ ಶೆಡ್ಡಿನಲ್ಲಿ ಅಡ್ಡಕ್ಕೆ ಕತ್ತರಿಸಿದ ಒಂದು ಕನ್ವರ್ಟರ್ ಇದೆ. ಎರಡೂ ಚಕ್ರ ಕಾಣುತ್ತವೆ, ಲಾಕಪ್ ಕ್ಲಚ್ಚಿನ ಲೈನಿಂಗ್ ಒಂದು ಕಡೆ ಸುಟ್ಟು ಹೊಳಪು ಬಂದಿರೋದು, ಇನ್ನೊಂದು ಕಡೆ ಸಿಪ್ಪೆ ಎದ್ದು ಬಂದಿರೋದು ಚೆನ್ನಾಗಿ ಕಾಣುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಯಾವ ಐಟಿಐ ಕೇಳಿದರೂ ಅದನ್ನ ಕೊಡಲು ನಾನು ತಯಾರು, ಬೇಕಿದ್ದರೆ ಒಂದು ದಿನ ಬಂದು ಹುಡುಗರಿಗೆ ತೋರಿಸಿಯೂ ಕೊಡುತ್ತೇನೆ. ಪತ್ರಿಕೆಯವರ ಹತ್ತಿರ ನನ್ನ ವಿಳಾಸ ಇದೆ.

ಇಂತಿ ನಿಮ್ಮ ಓದುಗ,
ಒಬ್ಬ ಗ್ಯಾರೇಜ್ ಮಾಲೀಕ,
ಗೋಕುಲ ರಸ್ತೆ, ಹುಬ್ಬಳ್ಳಿ